ವಾಹನದ ಹೈಡ್ರಾಲಿಕ್ ಕ್ಲಚ್ಚು ಕೆಟ್ಟಾಗ ಮಾಡತಕ್ಕ ಕ್ರಮ

ತರಕಾರಿಯನ್ನು ಹೇರಿಕೊಂಡು ಸಂತೆಗೆ ಹೊರಟ ವಾಹನದ ಕ್ಲಚ್ ಪೆಡಲು ಕುಸಿದು ಗೇರು ಬೀಳದೆ ಹೋದರೆ, ಆ ದಿನದ ಬೆಲೆಯೇ ಕೈತಪ್ಪುವುದು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಕ್ರಮವನ್ನು ಅರಿತಿರತಕ್ಕದ್ದು.

ಮೊದಲು ಆಯಿಲ್ ಡಬ್ಬಿಯನ್ನು ನೋಡಬೇಕು. ಮಟ್ಟವು ತೀರ ಇಳಿದಿದ್ದರೆ, ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರು, ಗೇರ್‌ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರು, ನಡುವಣ ಕೊಳವೆ, ಇವುಗಳಲ್ಲಿ ಸೋರಿಕೆಯನ್ನು ಹುಡುಕತಕ್ಕದ್ದು. ಹಲವು ಸಲ ತುಳಿದ ಮೇಲೆ ಪೆಡಲು ಗಟ್ಟಿಯಾದರೆ ಸಾಮಾನ್ಯವಾಗಿ ಒಳಗೆ ಗಾಳಿ ಸೇರಿರುವುದು. ಹೊರಗೆ ಸೋರದೆ, ಒತ್ತಿಹಿಡಿದ ಪೆಡಲು ಮೆಲ್ಲಗೆ ಇಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿರಬಹುದು.

ಕೆಟ್ಟ ಭಾಗವನ್ನು ಬದಲಾಯಿಸಿದ ತರುವಾಯ ಗಾಳಿಯನ್ನು ತೆಗೆಯಬೇಕು. ಒಬ್ಬನು ಪೆಡಲನ್ನು ಒತ್ತಿಹಿಡಿದಿರಲು, ಮತ್ತೊಬ್ಬನು ಸ್ಲೇವ್ ಸಿಲಿಂಡರಿನ ತಿರುಪನ್ನು ಸಡಿಲಿಸಿ, ಪೆಡಲನ್ನು ಬಿಡುವ ಮುನ್ನವೇ ಬಿಗಿಯತಕ್ಕದ್ದು. ಗುಳ್ಳೆಗಳು ನಿಲ್ಲುವವರೆಗೆ ಹೀಗೆಯೇ ಮಾಡಬೇಕು, ಡಬ್ಬಿಯು ಬರಿದಾಗಕೂಡದು. ಬ್ರೇಕ್ ಆಯಿಲ್ ಬೇಕಾದಲ್ಲಿ ಎಂಜಿನ್ ಆಯಿಲನ್ನು ಸುರಿದರೆ ರಬ್ಬರು ಉಬ್ಬಿ ಕೆಡುವುದು.