ಕ್ರೀಡಾಭ್ಯಾಸ ಮತ್ತು ಮಕ್ಕಳ ರಕ್ಷಣೆ

ಕಬಡ್ಡಿ ತಂಡಕ್ಕೋ ಗರಡಿಮನೆಗೋ ಹೋಗುವ ಮಕ್ಕಳನ್ನು ಉಳುಕು, ಬಾವುಗಳಿಗಾಗಿ ತಂದೆತಾಯಿಗಳು ನನ್ನಲ್ಲಿಗೆ ಕರೆತರುತ್ತಾರೆ. ಅಲ್ಲಿ ಮಗುವಿನ ಮೈಗೆ ಎಣ್ಣೆ ತಿಕ್ಕುವವರು ಯಾರೆಂದು ಕೇಳಿದರೆ ಅನೇಕರಿಗೆ ತಿಳಿದಿರುವುದಿಲ್ಲ. ಅಭ್ಯಂಗವು ಹಿತಕರವೇ, ಆದರೆ ಮುಚ್ಚಿದ ಕೋಣೆಯಲ್ಲಿ ತರಬೇತುದಾರನೊಬ್ಬನೇ ಅದನ್ನು ಮಾಡತಕ್ಕದ್ದಲ್ಲ, ಮತ್ತೊಬ್ಬ ಹಿರಿಯರು ಎದುರಿಗಿರಬೇಕು. (ಬಾವಿರುವ ಹೊಸ ಪೆಟ್ಟನ್ನಂತೂ ತಿಕ್ಕಲೇಬಾರದು.)

ಉತ್ಸಾಹದಿಂದ ಹೋಗುತ್ತಿದ್ದ ಮಗು ಹಠಾತ್ತನೆ ಅಭ್ಯಾಸವನ್ನು ಒಲ್ಲೆನೆಂದರೆ, ನಿದ್ರೆ ಹಸಿವುಗಳು ಕೆಟ್ಟರೆ, ಸೋಮಾರಿತನವೆಂದು ಗದರಿಸದೆ ಸಮಾಧಾನದಿಂದ ವಿಚಾರಿಸಿರಿ. ಗುರುವಿನ ಮೇಲಣ ಗೌರವದಿಂದ ಮಗುವಿನ ಮಾತನ್ನು ತಳ್ಳಿಹಾಕುವವರು ನಮ್ಮಲ್ಲಿ ಬಹಳ. ಹದಿನೆಂಟು ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದುದನ್ನು ಅರಿತವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ. ತಂಡದ ಮಾನ ಹೋದೀತೆಂದು ಮುಚ್ಚಿಡುವುದೂ ಅಪರಾಧವೇ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು.