ಕ್ರಿಟಾದಲ್ಲಿ ಕಾಣೆಯಾದ ಸಲಕರಣೆಗಳನ್ನು ಮರಳಿ ಪಡೆಯುವುದು ಹೇಗೆ?

ಚಿತ್ರ ಬಿಡಿಸುವ ತಂತ್ರಾಂಶ ಕ್ರಿಟಾವನ್ನು ಹೊಸದಾಗಿ ಬಳಸುವವರಿಗೆ ಒಂದಲ್ಲ ಒಂದು ದಿನ ಈ ಗಾಬರಿ ತಪ್ಪಿದ್ದಲ್ಲ. ಯಾವುದೋ ಕೀ ಒತ್ತಿ ಹೋಗುತ್ತದೆ, ಬ್ರಷ್‌ಗಳ ಸಾಲು, ಬಣ್ಣದ ಚಕ್ರ, ಲೇಯರ್‌ಗಳ ಪಟ್ಟಿ ಎಲ್ಲವೂ ಒಟ್ಟಿಗೇ ಮಾಯವಾಗುತ್ತವೆ. ಆಗ ಹಲವರಿಗೆ ಹೊಳೆಯುವ ಉಪಾಯ ಒಂದೇ: ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳುವುದು. ಆದರೆ ಹೊಸದಾಗಿ ಹಾಕಿಕೊಂಡ ಕ್ರಿಟಾ ಕೂಡ ಹಳೆಯ ಅವತಾರದಲ್ಲೇ ಎದುರಾಗುತ್ತದೆ.

ಕಾರಣ ಸರಳ. ತಂತ್ರಾಂಶ ಒಂದು ಕಡೆ ಇರುತ್ತದೆ, ನೀವು ಅದರಲ್ಲಿ ಮಾಡಿಕೊಂಡ ಹೊಂದಾಣಿಕೆಗಳು ಇನ್ನೊಂದು ಕಡೆ ಇರುತ್ತವೆ. ಯಾವ ಫಲಕ ತೆರೆದಿತ್ತು, ಯಾವುದು ಮುಚ್ಚಿತ್ತು ಎಂಬುದನ್ನು ಕ್ರಿಟಾ ನಿಮ್ಮ ಬಳಕೆದಾರ ಫೋಲ್ಡರಿನ ಒಂದು ಕಡತದಲ್ಲಿ ಬರೆದಿಡುತ್ತದೆ. ಅನ್‌ಇನ್‌ಸ್ಟಾಲ್ ಮಾಡಿದರೂ ಆ ಕಡತ ಅಲ್ಲೇ ಉಳಿಯುತ್ತದೆ. ಹಾಗಾಗಿ ಕಾಣೆಯಾದದ್ದನ್ನು ಹುಡುಕಲು ಬೇರೆ ದಾರಿ ಹಿಡಿಯಬೇಕು. ಹಗುರವಾದ ಉಪಾಯದಿಂದ ಶುರುಮಾಡಿ, ಅದು ಫಲಿಸದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಬೇಕು.

ಎಲ್ಲವೂ ಒಟ್ಟಿಗೆ ಮಾಯವಾದರೆ

ಟ್ಯಾಬ್ ಕೀ ಒತ್ತಿ. ಕ್ರಿಟಾದಲ್ಲಿ ಈ ಕೀ ‘ಕ್ಯಾನ್ವಾಸ್ ಓನ್ಲಿ’ ಎಂಬ ಸ್ಥಿತಿಗೆ ಒಯ್ಯುತ್ತದೆ. ಚಿತ್ರವೊಂದೇ ತೆರೆಯ ತುಂಬ ಕಾಣಲಿ ಎಂದು ಮಾಡಿದ ಅನುಕೂಲ ಇದು. ಮತ್ತೊಮ್ಮೆ ಒತ್ತಿದರೆ ಎಲ್ಲವೂ ಹಿಂದಿನಂತೆ ಬರುತ್ತವೆ. ಈ ಸ್ಥಿತಿಯಲ್ಲಿ ಮೆನು ಪಟ್ಟಿಯೂ ಅಡಗಿರಬಹುದಾದ್ದರಿಂದ ಮೆನುವಿನಲ್ಲಿ ಹುಡುಕುವುದಕ್ಕೂ ಆಸ್ಪದವಿರುವುದಿಲ್ಲ. ಕೀಬೋರ್ಡ್ ಇಲ್ಲದೆ ಪೆನ್ ಟ್ಯಾಬ್ಲೆಟ್ ಮಾತ್ರ ಹಿಡಿದು ಕೂತವರು ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ದುಂಡನೆಯ ಪಾಪ್ ಅಪ್ ಪ್ಯಾಲೆಟ್ ತೆರೆದುಕೊಳ್ಳುತ್ತದೆ. ಅದರಲ್ಲೂ ಇದೇ ಕೆಲಸಕ್ಕೆ ಒಂದು ಬಟನ್ ಇದೆ. ಈ ಸ್ಥಿತಿಯಲ್ಲಿ ಏನೇನು ಅಡಗಬೇಕು, ಏನೇನು ಉಳಿಯಬೇಕು ಎಂಬುದನ್ನು ಸೆಟ್ಟಿಂಗ್ಸ್ ಮೆನುವಿನ ‘ಕಾನ್ಫಿಗರ್ ಕ್ರಿಟಾ’ದೊಳಗಿರುವ ‘ಕ್ಯಾನ್ವಾಸ್ ಓನ್ಲಿ ಸೆಟ್ಟಿಂಗ್ಸ್’ನಲ್ಲಿ ನೀವೇ ಆರಿಸಿಕೊಳ್ಳಬಹುದು.

ಒಂದೇ ಒಂದು ಫಲಕ ಕಾಣದಿದ್ದರೆ

ಅಂಚಿನಲ್ಲಿ ಕೂರುವ ಫಲಕಗಳಿಗೆ ಕ್ರಿಟಾದಲ್ಲಿ ಡಾಕರ್ ಎಂದು ಹೆಸರು. ಸೆಟ್ಟಿಂಗ್ಸ್ ಮೆನುವಿನ ‘ಡಾಕರ್ಸ್’ ಪಟ್ಟಿಯಲ್ಲಿ ಇವೆಲ್ಲದರ ಹೆಸರೂ ಇದೆ. ಬೇಕಾದುದಕ್ಕೆ ಟಿಕ್ ಹಾಕಿದರೆ ಸಾಕು. ಟಿಕ್ ಇದ್ದೂ ಕಾಣುತ್ತಿಲ್ಲವೆಂದರೆ ಅದು ಇನ್ನೊಂದು ಡಾಕರ್‌ನ ಹಿಂದೆ ಕೂತಿರಬಹುದು. ಒಂದೇ ಜಾಗದಲ್ಲಿ ಎರಡು ಮೂರು ಡಾಕರ್‌ಗಳು ಸೇರಿದಾಗ ಅಂಚಿನಲ್ಲಿ ಅವುಗಳ ಹೆಸರಿನ ಪುಟ್ಟ ಟ್ಯಾಬ್‌ಗಳಷ್ಟೇ ಕಾಣುತ್ತವೆ. ಡಾಕರ್ ಕಾಣುತ್ತಿದೆ, ಆದರೆ ಎಳೆದು ಬೇರೆಡೆ ಇಡಲಾಗುತ್ತಿಲ್ಲ ಎಂದಾದರೆ ಅದರ ತಲೆಪಟ್ಟಿಯಲ್ಲಿರುವ ಬೀಗದ ಚಿಹ್ನೆ ನೋಡಿ. ತಲೆಪಟ್ಟಿಯೇ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಶೋ ಡಾಕರ್ ಟೈಟಲ್‌ಬಾರ್ಸ್’ ಆಯ್ಕೆ ಮಾಡಬೇಕು.

ಬ್ರಷ್‌ನ ಗಾತ್ರ ಮತ್ತು ಒಪಾಸಿಟಿ ಬದಲಿಸುವ ಮೇಲ್ಗಡೆಯ ಪಟ್ಟಿಗಳು ಡಾಕರ್‌ಗಳಲ್ಲ, ಟೂಲ್‌ಬಾರ್‌ಗೆ ಸೇರಿದವು. ‘ಟೂಲ್‌ಬಾರ್ಸ್ ಶೋನ್’ ಎಂಬಲ್ಲಿ ‘ಬ್ರಷಸ್ ಅಂಡ್ ಸ್ಟಫ್’ ಎಂಬ ತಮಾಷೆಯ ಹೆಸರಿನಲ್ಲಿ ಇವು ಸಿಗುತ್ತವೆ. ಕಿಟಕಿ ಕಿರಿದಾದಾಗ ಟೂಲ್‌ಬಾರಿನ ಬಲತುದಿಯ ಬಟನ್‌ಗಳು ಒಂದು ಜೋಡಿ ಬಾಣದ ಗುರುತಿನ ಹಿಂದೆ ಸರಿದುಕೊಳ್ಳುತ್ತವೆ ಎಂಬುದೂ ನೆನಪಿರಲಿ.

ಟೂಲ್ ಆಪ್ಷನ್ಸ್ ಕಥೆ ಸ್ವಲ್ಪ ಬೇರೆ. ಅದನ್ನು ಡಾಕರ್ ಆಗಿಯೂ ಇಟ್ಟುಕೊಳ್ಳಬಹುದು, ಟೂಲ್‌ಬಾರಿನ ಬಟನ್ ಆಗಿಯೂ ಇಟ್ಟುಕೊಳ್ಳಬಹುದು. ಡಾಕರ್‌ಗಳ ಪಟ್ಟಿಯಲ್ಲಿ ಸಿಗದಿದ್ದರೆ ‘ಕಾನ್ಫಿಗರ್ ಕ್ರಿಟಾ’ದ ‘ಜನರಲ್’ ವಿಭಾಗದಲ್ಲಿ ‘ಟೂಲ್ಸ್’ ಟ್ಯಾಬ್ ತೆರೆದು ಅದರ ಜಾಗ ಬದಲಿಸಿ. ಕ್ರಿಟಾವನ್ನು ಮುಚ್ಚಿ ತೆರೆದ ಮೇಲೆಯೇ ಈ ಬದಲಾವಣೆ ಜಾರಿಗೆ ಬರುವುದು.

ಒಂದೊಂದನ್ನೇ ಹುಡುಕುವ ತಾಳ್ಮೆ ಇಲ್ಲದವರು ‘ವಿಂಡೋ’ ಮೆನುವಿನ ‘ವರ್ಕ್‌ಸ್ಪೇಸ್’ಗೆ ಹೋಗಿ ‘ಡಿಫಾಲ್ಟ್’ ಆರಿಸಿದರೆ ಡಾಕರ್‌ಗಳೆಲ್ಲ ಮೊದಲಿನ ಜಾಗಕ್ಕೆ ಬಂದು ಕೂರುತ್ತವೆ. ಎರಡನೆಯ ಮಾನಿಟರ್ ಕಿತ್ತಾಗ ಅದರ ಜೊತೆಗೇ ಕಣ್ಮರೆಯಾದ ಡಾಕರ್‌ಗಳಿಗೂ ಇದೇ ಮದ್ದು.

ಬ್ರಷ್‌ಗಳೇ ಕಾಣದಿದ್ದರೆ

ಮೊದಲು ನೋಡಬೇಕಾದದ್ದು ಬ್ರಷ್ ಪ್ರಿಸೆಟ್ಸ್ ಡಾಕರ್‌ನ ಟ್ಯಾಗ್ ಪಟ್ಟಿಯನ್ನು. ಯಾವುದೋ ಒಂದು ಟ್ಯಾಗ್ ಆಯ್ಕೆಯಾಗಿದ್ದರೆ ಆ ಗುಂಪಿನ ಬ್ರಷ್‌ಗಳು ಮಾತ್ರ ಕಾಣುತ್ತವೆ. ‘ಆಲ್’ ಆರಿಸಿ. ಹುಡುಕು ಪೆಟ್ಟಿಗೆಯಲ್ಲಿ ಹಿಂದೆಂದೋ ಟೈಪಿಸಿದ ಪದ ಹಾಗೇ ಉಳಿದಿದ್ದರೆ ಅಳಿಸಿ.

ಹಳೆಯ ಆವೃತ್ತಿಯಲ್ಲಿ ಬಳಸುತ್ತಿದ್ದ ಬ್ರಷ್‌ಗಳು ಕ್ರಿಟಾ 5ರಲ್ಲಿ ಕಾಣುತ್ತಿಲ್ಲವೇ? ಕ್ರಿಟಾ 3ರ ಕಾಲದ ಬ್ರಷ್‌ಗಳ ಕಟ್ಟು ತಂತ್ರಾಂಶದ ಜೊತೆಗೇ ಬರುತ್ತದೆ, ಆದರೆ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನ ‘ಮ್ಯಾನೇಜ್ ರಿಸೋರ್ಸ್ ಲೈಬ್ರರೀಸ್’ ತೆರೆದು ಅದನ್ನು ಸಕ್ರಿಯಗೊಳಿಸಿದರೆ ಹಳೆಯ ಬ್ರಷ್‌ಗಳೆಲ್ಲ ವಾಪಸ್ಸು.

ನೀವೇ ಅಳಿಸಿದ ಬ್ರಷ್ ಕೂಡ ನಿಜವಾಗಿ ಹೋಗಿರುವುದಿಲ್ಲ. ಕ್ರಿಟಾ 5 ಅದನ್ನು ಬಳಕೆಯಿಂದ ಬದಿಗಿಡುತ್ತದೆ, ಅಷ್ಟೇ. ‘ಮ್ಯಾನೇಜ್ ರಿಸೋರ್ಸಸ್’ ಕಿಟಕಿಯಲ್ಲಿ ಅಳಿಸಿದವುಗಳನ್ನೂ ತೋರಿಸು ಎಂಬ ಆಯ್ಕೆಗೆ ಟಿಕ್ ಹಾಕಿ, ಬೇಕಾದ ಬ್ರಷ್ ಆರಿಸಿ ‘ಅನ್‌ಡಿಲೀಟ್’ ಒತ್ತಿದರೆ ಅದು ಮತ್ತೆ ಸಾಲಿಗೆ ಬರುತ್ತದೆ.

ಪೈಥಾನ್ ಪ್ಲಗಿನ್‌ಗಳಿಂದ ಸಿಗುವ ಸೌಲಭ್ಯಗಳದ್ದೂ ಇದೇ ಬಗೆ. ‘ಕಾನ್ಫಿಗರ್ ಕ್ರಿಟಾ’ದ ‘ಪೈಥಾನ್ ಪ್ಲಗಿನ್ ಮ್ಯಾನೇಜರ್’ನಲ್ಲಿ ಟಿಕ್ ಇಲ್ಲದ ಪ್ಲಗಿನ್ ಮೆನುವಿನಲ್ಲಿ ಕಾಣಿಸುವುದಿಲ್ಲ. ಟಿಕ್ ಹಾಕಿ ಕ್ರಿಟಾವನ್ನು ಮತ್ತೆ ತೆರೆಯಬೇಕು.

ಬ್ರಷ್ ಇದೆ, ಗೆರೆ ಮೂಡುತ್ತಿಲ್ಲ

ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸುವುದು ಇದು. ಉದಾಹರಣೆಗೆ, ಚಿತ್ರದ ಮೂಲೆಯಲ್ಲಿ ಒಂದು ಸಣ್ಣ ಭಾಗವನ್ನು ಸೆಲೆಕ್ಟ್ ಮಾಡಿದ್ದೀರಿ ಎನ್ನಿ. ಆಯ್ದ ಭಾಗದ ಸುತ್ತ ಚುಕ್ಕೆಗೆರೆ ಓಡುತ್ತಿರುತ್ತದೆ. ಅಷ್ಟರಲ್ಲಿ ಕೈತಪ್ಪಿ ಕಂಟ್ರೋಲ್ ಮತ್ತು ಎಚ್ ಒತ್ತಿ ಹೋಯಿತು. ಚುಕ್ಕೆಗೆರೆ ಮರೆಯಾಗುತ್ತದೆ, ಆದರೆ ಸೆಲೆಕ್ಷನ್ ಹಾಗೇ ಇರುತ್ತದೆ. ಈಗ ಚಿತ್ರದ ನಡುವೆ ಎಷ್ಟು ಗೀಚಿದರೂ ಒಂದು ಚುಕ್ಕೆಯೂ ಬೀಳದು. ಬ್ರಷ್ ಕೆಟ್ಟಿತು, ಪೆನ್ ಕೆಟ್ಟಿತು, ಡ್ರೈವರ್ ಕೆಟ್ಟಿತು ಎಂದು ಗಂಟೆಗಟ್ಟಲೆ ಹುಡುಕಾಟ ನಡೆಯುತ್ತದೆ. ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಸೆಲೆಕ್ಷನ್ ಹೋಗಿ ಬ್ರಷ್ ಎಂದಿನಂತೆ ಓಡುತ್ತದೆ.

ಅಷ್ಟಾದರೂ ಗೆರೆ ಮೂಡದಿದ್ದರೆ ‘ಇ’ ಕೀ ಒತ್ತಿ ನೋಡಿ. ಅದು ಒತ್ತಿಹೋಗಿದ್ದರೆ ಯಾವ ಬ್ರಷ್ ಆದರೂ ರಬ್ಬರ್‌ನಂತೆ ಅಳಿಸುತ್ತದೆ. ಆಮೇಲೆ ಲೇಯರ್ಸ್ ಡಾಕರ್ ನೋಡಿ. ಆಯ್ಕೆಯಾಗಿರುವುದು ಬಣ್ಣ ಹಚ್ಚಬಹುದಾದ ಪೇಂಟ್ ಲೇಯರೇ ಅಥವಾ ಗ್ರೂಪ್ ಲೇಯರೇ, ಅದಕ್ಕೆ ಬೀಗ ಬಿದ್ದಿದೆಯೇ, ಕಣ್ಣಿನ ಚಿಹ್ನೆ ಮುಚ್ಚಿದೆಯೇ ಎಂದು ಪರೀಕ್ಷಿಸಿ.

ಒಂದು ಸೌಲಭ್ಯದ ಹೆಸರು ಗೊತ್ತು, ಅದು ಯಾವ ಮೆನುವಿನಲ್ಲಿದೆ ಎಂಬುದು ಮರೆತಿದೆ ಎಂದಾದರೆ ಕಂಟ್ರೋಲ್ ಮತ್ತು ಎಂಟರ್ ಒತ್ತಿ. ಕ್ರಿಟಾ 5ರ ಇತ್ತೀಚಿನ ಆವೃತ್ತಿಗಳಲ್ಲಿ ಇದರಿಂದ ಹುಡುಕು ಪೆಟ್ಟಿಗೆ ತೆರೆಯುತ್ತದೆ. ಹೆಸರಿನ ನಾಲ್ಕಕ್ಷರ ಟೈಪಿಸಿದರೆ ಸಾಕು.

ಕೊನೆಯ ಅಸ್ತ್ರ

ಇಷ್ಟೆಲ್ಲ ಮಾಡಿಯೂ ಬಗೆಹರಿಯದಿದ್ದರೆ ಹೊಂದಾಣಿಕೆಗಳನ್ನೇ ಅಳಿಸಿ ಮೊದಲಿನ ಸ್ಥಿತಿಗೆ ತರಬಹುದು. ಶಿಫ್ಟ್, ಆಲ್ಟ್, ಕಂಟ್ರೋಲ್ ಮೂರನ್ನೂ ಒತ್ತಿ ಹಿಡಿದು ಕ್ರಿಟಾ ತೆರೆಯಿರಿ. ಸೆಟ್ಟಿಂಗ್ಸ್ ಅಳಿಸಬೇಕೇ ಎಂದು ಅದು ಕೇಳುತ್ತದೆ, ಹೌದು ಎನ್ನಿ. ಇದರಿಂದ ನಿಮ್ಮ ಚಿತ್ರಗಳಿಗಾಗಲಿ ಬ್ರಷ್‌ಗಳಿಗಾಗಲಿ ಧಕ್ಕೆಯಿಲ್ಲ, ಏಕೆಂದರೆ ಅವು ಬೇರೆ ಜಾಗದಲ್ಲಿರುತ್ತವೆ. ಇದೇ ಕೆಲಸವನ್ನು ಕೈಯಾರೆ ಮಾಡುವುದಾದರೆ, ಕ್ರಿಟಾ ಮುಚ್ಚಿ, ವಿಂಡೋಸ್‌ನ ಆಪ್‌ಡೇಟಾ ಫೋಲ್ಡರಿನೊಳಗಿನ ‘ಲೋಕಲ್’ನಲ್ಲಿರುವ ‘ಕ್ರಿಟಾಆರ್‌ಸಿ’ ಕಡತದ ಹೆಸರು ಬದಲಿಸಿ. ಲಿನಕ್ಸ್‌ನಲ್ಲಿ ಅದು ಹೋಮ್ ಫೋಲ್ಡರಿನ ‘ಡಾಟ್ ಕಾನ್ಫಿಗ್’ನಲ್ಲಿ ಸಿಗುತ್ತದೆ. ಮುಂದಿನ ಸಲ ತೆರೆದಾಗ ಕ್ರಿಟಾ ಹೊಸ ಕಡತ ಸೃಷ್ಟಿಸಿಕೊಳ್ಳುತ್ತದೆ, ಹಳೆಯದು ನಿಮ್ಮ ಬಳಿಯೇ ಉಳಿಯುತ್ತದೆ.

ಬೇರೆ ತಂತ್ರಾಂಶ ಬಳಸುವವರಿಗೂ ಈ ಕ್ರಮ ನಡೆಯುತ್ತದೆ. ಫೋಟೋಶಾಪ್ ಮತ್ತು ಗಿಂಪ್‌ಗಳಲ್ಲೂ ಫಲಕಗಳನ್ನು ಮುಚ್ಚಿ ತೆರೆಯುವುದು ಟ್ಯಾಬ್ ಕೀಯೇ. ಗಿಂಪ್‌ನ ‘ವಿಂಡೋಸ್’ ಮೆನುವಿನಲ್ಲಿ ಇತ್ತೀಚೆಗೆ ಮುಚ್ಚಿದ ಡಾಕ್‌ಗಳ ಪಟ್ಟಿಯೇ ಇದೆ. 2020ರ 2.10.18 ಆವೃತ್ತಿಯಿಂದ ಗಿಂಪ್‌ನ ಸಲಕರಣೆಗಳು ಗುಂಪು ಗುಂಪಾಗಿ ಸೇರಿಕೊಂಡಿವೆ. ಹಿಂದಿನಂತೆ ಬಿಡಿಬಿಡಿಯಾಗಿ ಬೇಕೆನ್ನುವವರು ಪ್ರಿಫರೆನ್ಸಸ್‌ನ ‘ಟೂಲ್‌ಬಾಕ್ಸ್’ ವಿಭಾಗದಲ್ಲಿ ಟೂಲ್ ಗ್ರೂಪ್‌ಗಳ ಟಿಕ್ ತೆಗೆದರಾಯಿತು.

ಎಲ್ಲವೂ ಸರಿಯಿದ್ದಾಗಲೇ ಒಂದೆರಡು ಕೆಲಸ ಮಾಡಿಟ್ಟುಕೊಳ್ಳಿ. ಡಾಕರ್‌ಗಳನ್ನು ನಿಮಗೆ ಒಗ್ಗುವಂತೆ ಜೋಡಿಸಿ, ಅದನ್ನು ನಿಮ್ಮದೇ ಹೆಸರಿನ ವರ್ಕ್‌ಸ್ಪೇಸ್ ಆಗಿ ಉಳಿಸಿ. ‘ಕ್ರಿಟಾಆರ್‌ಸಿ’ಯ ಒಂದು ನಕಲನ್ನು ಪೆನ್‌ಡ್ರೈವ್‌ನಲ್ಲಿಡಿ. ಆಮೇಲೆ ಯಾವ ಫಲಕ ಎಲ್ಲಿ ಹೋದರೂ ಅದನ್ನು ಮರಳಿ ತರಲು ಅರ್ಧ ನಿಮಿಷವೂ ಬೇಡ.