ಪರಿಚಯವಿಲ್ಲದವರಿಗೆ ಪತ್ರ ಬರೆಯುವಾಗ

ಕಾಲೇಜಿನ ಫೀಸು, ಹಾಸ್ಟೆಲ್, ಪುಸ್ತಕ, ಇವುಗಳ ಮಟ್ಟಿಗೆ ದಾನಿಗಳ ಹಣ ಕೆಲಸ ಮಾಡುತ್ತದೆ. ಅದಾದ ಮೇಲೆ ನಮ್ಮ ಮಕ್ಕಳು ಇನ್ನೊಂದು ಬಾಗಿಲ ಮುಂದೆ ನಿಲ್ಲುತ್ತಾರೆ. ಎಂಜಿನಿಯರಿಂಗ್ ಓದುವವನಿಗೆ ಇಂಟರ್ನ್‌ಶಿಪ್ ಬೇಕು. ಎಂ.ಎಸ್ಸಿ. ಹುಡುಗಿಗೆ ಪ್ರಾಜೆಕ್ಟ್ ಮಾಡಲು ಒಂದು ಲ್ಯಾಬ್ ಬೇಕು. ಸಿ.ಎ. ಓದುವವನಿಗೆ ಆರ್ಟಿಕಲ್‌ಶಿಪ್ ಕೊಡುವ ಆಡಿಟರ್ ಬೇಕು. ಜೊತೆಯಲ್ಲಿ ಓದುವವರಿಗೆ ಮಾವನೋ ಚಿಕ್ಕಪ್ಪನೋ ಬೆಂಗಳೂರಿನಲ್ಲಿ ಇರುತ್ತಾರೆ, ಒಂದು ಫೋನಿನಲ್ಲಿ ಕೆಲಸ ಆಗುತ್ತದೆ. ನಮ್ಮ ಹುಡುಗಿಯ ಅಬ್ಬಾ ವೆಲ್ಡಿಂಗ್ ಅಂಗಡಿಯಲ್ಲಿ ಕೂಲಿ, ಅಮ್ಮಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಯಾರಿಗೆ ಫೋನ್ ಮಾಡುವುದು?

ಪರಿಚಯ ಇಲ್ಲದವರಿಗೆ ಉಳಿದಿರುವ ದಾರಿ ಒಂದೇ, ಪರಿಚಯ ಇಲ್ಲದವರಿಗೇ ಪತ್ರ ಬರೆಯುವುದು. ಈಗ ಅದು ಇಮೇಲ್. ಖರ್ಚಿಲ್ಲ, ಆದರೆ ಉತ್ತರ ಬರುವುದು ಕಷ್ಟ. ಹೀಗೆ ಕಳಿಸಿದ ಮೇಲ್‌ಗಳನ್ನು ಮಕ್ಕಳು ಸಂದರ್ಶನದ ದಿನ ಮೊಬೈಲಿನಲ್ಲಿ ತೋರಿಸುತ್ತಾರೆ. ಒಬ್ಬಳು ಐವತ್ತಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಬರೆದಿದ್ದಳು, ಒಂದೂ ಉತ್ತರ ಇಲ್ಲ. ಅವಳ ಪತ್ರದ ಸಾರಾಂಶ ಹೀಗಿತ್ತು: ಮಾನ್ಯರೇ, ನಾನು ಬಡ ಕುಟುಂಬದಿಂದ ಬಂದ ವಿದ್ಯಾರ್ಥಿನಿ, ಸಂಶೋಧನೆಯಲ್ಲಿ ಅಪಾರ ಆಸಕ್ತಿ ಇದೆ, ತಾವು ದಯವಿಟ್ಟು ಒಂದು ಅವಕಾಶ ಕೊಟ್ಟರೆ ಚಿರಋಣಿಯಾಗಿರುತ್ತೇನೆ.

ಓದಿದಾಗ ನಮಗೆ ಮುಜುಗರವಾಯಿತು, ಏಕೆಂದರೆ ಈ ಭಾಷೆ ಕಲಿಸಿದವರು ನಾವೇ. ನಮ್ಮ ಅರ್ಜಿ ನಮೂನೆಯ ಮೊದಲ ಪುಟ ಪೂರ್ತಿ ತಂದೆಯ ಆದಾಯ, ಬಾಡಿಗೆ ಮನೆಯೋ ಸ್ವಂತವೋ, ರೇಷನ್ ಕಾರ್ಡ್ ಯಾವುದು ಎಂದು ಕೇಳುತ್ತದೆ. ಕಷ್ಟ ಹೇಳಿಕೊಂಡರೆ ಬಾಗಿಲು ತೆರೆಯುತ್ತದೆ ಎಂದು ಮಗು ತಿಳಿದುಕೊಳ್ಳುತ್ತದೆ. ಟ್ರಸ್ಟಿನ ಬಾಗಿಲು ಹಾಗೆ ತೆರೆಯಬೇಕಾದದ್ದೇ. ಲ್ಯಾಬಿನ ಬಾಗಿಲು ಹಾಗಲ್ಲ. ಅಲ್ಲಿ ಕುಳಿತವರು ಕೇಳುವುದು ‘ಈ ಹುಡುಗಿ ನನ್ನ ಕೆಲಸ ಓದಿದ್ದಾಳಾ, ಬಂದರೆ ಏನು ಮಾಡಬಲ್ಲಳು’ ಎಂದು.

1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಸತ್ಯೇಂದ್ರನಾಥ ಬೋಸ್, ಬರ್ಲಿನ್‌ನಲ್ಲಿದ್ದ ಐನ್‌ಸ್ಟೈನ್ ಅವರಿಗೆ ಪತ್ರ ಬರೆದರು. ಇಬ್ಬರೂ ಎಂದೂ ಭೇಟಿಯಾಗಿರಲಿಲ್ಲ. ಪತ್ರ ಚಿಕ್ಕದು, ಜೊತೆಗೆ ಒಂದು ಚಿಕ್ಕ ಲೇಖನ. ಪ್ಲಾಂಕ್ ನಿಯಮವನ್ನು ಹಳೆಯ ವಿದ್ಯುತ್ಕಾಂತ ಸಿದ್ಧಾಂತದ ಆಸರೆ ಇಲ್ಲದೆ ಸಾಧಿಸಲು ಪ್ರಯತ್ನಿಸಿದ್ದೇನೆ ಎಂದು ಹೇಳಿ, ಪ್ರಕಟಣೆಗೆ ಯೋಗ್ಯ ಅನ್ನಿಸಿದರೆ ಜರ್ಮನಿಯ ಭೌತಶಾಸ್ತ್ರ ಪತ್ರಿಕೆಯಲ್ಲಿ ಹಾಕಿಸಿಕೊಡಿ ಎಂದು ಕೇಳಿದರು. ಅನುವಾದ ಮಾಡುವಷ್ಟು ಜರ್ಮನ್ ತನಗೆ ಬಾರದು ಎಂದೂ ಒಪ್ಪಿಕೊಂಡರು. ಹಿಂದೆ ನಿಮ್ಮ ಸಾಪೇಕ್ಷತಾ ಲೇಖನಗಳ ಇಂಗ್ಲಿಷ್ ಅನುವಾದಕ್ಕೆ ಕಲ್ಕತ್ತಾದಿಂದ ಒಬ್ಬರು ಅನುಮತಿ ಕೇಳಿದ್ದರು, ಸಾಮಾನ್ಯ ಸಾಪೇಕ್ಷತೆಯ ಲೇಖನವನ್ನು ಅನುವಾದಿಸಿದವನು ನಾನೇ ಎಂದು ನೆನಪಿಸಿದರು. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ ಪ್ರಕಟಿಸಿದರು. ಉತ್ತರವಾಗಿ ಬಂದದ್ದು ಒಂದು ಪೋಸ್ಟ್‌ಕಾರ್ಡ್. ಆ ಕಾರ್ಡ್ ತೋರಿಸಿದ ಮೇಲೆ ಬೋಸರಿಗೆ ಯುರೋಪಿಗೆ ಹೋಗಲು ಎರಡು ವರ್ಷದ ರಜೆ ಸಿಕ್ಕಿತು.

ಬೋಸರ ಪ್ರತಿಭೆ ಎಲ್ಲರಿಗೂ ಇರುವುದಿಲ್ಲ, ಅದು ಬೇರೆ ಮಾತು. ಅವರು ಕೇಳಿದ್ದು ಒಂದೇ ವಿಷಯ. ಅದನ್ನು ಮಾಡಲು ಐನ್‌ಸ್ಟೈನ್ ಶಕ್ತರಾಗಿದ್ದರು, ಬೇಡವೆನ್ನಲೂ ಅವಕಾಶ ಇತ್ತು. ತನ್ನ ಕೆಲಸವನ್ನು ಅಲ್ಲೇ ಮುಂದಿಟ್ಟಿದ್ದರು, ‘ಆಸಕ್ತಿ ಇದೆ’ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಬಡತನವನ್ನು ಬರೆಯಲೇಬಾರದೇ? ಬರೆಯಬಹುದು. 1913ರ ಜನವರಿಯಲ್ಲಿ ರಾಮಾನುಜನ್ ಕೇಂಬ್ರಿಡ್ಜ್‌ನ ಹಾರ್ಡಿಯವರಿಗೆ ಬರೆದ ಪತ್ರದ ಆರಂಭದಲ್ಲೇ ತಾನು ಮದ್ರಾಸ್ ಬಂದರು ಕಚೇರಿಯ ಗುಮಾಸ್ತ, ಸಂಬಳ ವರ್ಷಕ್ಕೆ 20 ಪೌಂಡ್ ಎಂದು ಹೇಳಿದ್ದರು. ಆದರೆ ಮುಂದಿನ ಸಾಲುಗಳಲ್ಲೇ ಹಾರ್ಡಿಯವರ ಪುಸ್ತಕದ ಒಂದು ಮಾತನ್ನು ಹಿಡಿದು, ಇದಕ್ಕೆ ಸೂತ್ರ ಸಿಕ್ಕಿಲ್ಲ ಎಂದಿದ್ದೀರಿ, ನನಗೆ ಸಿಕ್ಕಿದೆ ಎಂದರು. ಹಾಳೆಗಟ್ಟಲೆ ಪ್ರಮೇಯಗಳನ್ನು ಲಗತ್ತಿಸಿದರು. ಅದಕ್ಕೂ ಮೊದಲು ಅವರು ಕೇಂಬ್ರಿಡ್ಜ್‌ನ ಇನ್ನಿಬ್ಬರು ಗಣಿತಜ್ಞರಿಗೆ ಬರೆದು ನಿರಾಶರಾಗಿದ್ದರು. ಈ ಸಂಗತಿಯನ್ನು ನಾವು ಮಕ್ಕಳಿಗೆ ಮೊದಲು ಹೇಳುತ್ತೇವೆ.

ಆ ಎಂ.ಎಸ್ಸಿ. ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆವು, ನೀನು ಇದುವರೆಗೆ ಏನು ಮಾಡಿದ್ದೀಯಮ್ಮ? ಪಾವಗಡದ ಕಡೆಯ ತನ್ನ ಊರಿನಲ್ಲಿ ಮೂರು ಕೊಳವೆಬಾವಿಗಳ ನೀರು ತಂದು ಕಾಲೇಜಿನ ಲ್ಯಾಬಿನಲ್ಲಿ ಫ್ಲೋರೈಡ್ ಅಳೆದಿದ್ದಳು. ಎರಡರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿತ್ತು. ಬೇರೆ ನೀರೇ ಇಲ್ಲದಾಗಲೂ ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕೊನೆಯ ಮಿತಿ ಅದು. ಇಷ್ಟೆಲ್ಲ ಇದ್ದೂ ಮೇಲ್‌ನಲ್ಲಿ ಒಂದಕ್ಷರ ಬರೆದಿರಲಿಲ್ಲ! ‘ಅದು ಸಣ್ಣ ಕೆಲಸ ಸರ್, ಅದನ್ನೇನು ಬರೆಯುವುದು’ ಎಂದಳು.

ಹೊಸ ಪತ್ರ ಹೀಗಾಯಿತು (ಕಳಿಸಿದ್ದು ಇಂಗ್ಲಿಷಿನಲ್ಲಿ). ವಿಷಯದ ಸಾಲಿನಲ್ಲಿ ‘ಇಂಟರ್ನ್‌ಶಿಪ್ ಕೋರಿಕೆ’ ಎಂಬುದರ ಬದಲು ‘ಪಾವಗಡದ ನೀರಿನಲ್ಲಿ ಫ್ಲೋರೈಡ್: ನಿಮ್ಮ ಶೋಧಕದ ಬಗ್ಗೆ ಒಂದು ಪ್ರಶ್ನೆ’. ಒಳಗೆ: ‘ನಾನು ಇಂಥ ಕಾಲೇಜಿನ ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿನಿ. ಅಲ್ಯೂಮಿನಾ ಶೋಧಕದ ಬಗ್ಗೆ ತಾವು ಬರೆದ ಲೇಖನ ಓದಿದೆ. ನನ್ನ ಊರಿನ ಮೂರು ಕೊಳವೆಬಾವಿಗಳ ನೀರನ್ನು ಅಳೆದಿದ್ದೇನೆ, ಪಟ್ಟಿ ಲಗತ್ತಿಸಿದೆ. ಗಡಸು ನೀರಿನಲ್ಲಿ ನಿಮ್ಮ ಶೋಧಕ ಎಷ್ಟು ದಿನ ಬಾಳುತ್ತದೆ ಎಂಬುದು ನನ್ನ ಪ್ರಶ್ನೆ. ಮೇ ಮತ್ತು ಜೂನ್‌ನಲ್ಲಿ ತಮ್ಮ ಲ್ಯಾಬಿನಲ್ಲಿ ಎಂಟು ವಾರ ಕೆಲಸ ಕಲಿಯಲು ಸಾಧ್ಯವೇ? ಈ ವರ್ಷ ಆಗದಿದ್ದರೆ, ಯಾರನ್ನು ಕೇಳಬಹುದು ಎಂದು ತಿಳಿಸಿದರೂ ಉಪಕಾರ.’ ಇಷ್ಟೇ. ಮೊಬೈಲಿನ ಪರದೆಯಲ್ಲಿ ಬೆರಳಾಡಿಸದೆ ಓದಬಹುದು. ಆರು ಮಂದಿಗೆ ಕಳಿಸಿದಳು, ಪ್ರತಿಯೊಬ್ಬರ ಲೇಖನ ಓದಿ, ಪ್ರತಿ ಪತ್ರದ ಪ್ರಶ್ನೆ ಬದಲಿಸಿ. ಇಬ್ಬರು ಉತ್ತರ ಕೊಟ್ಟರು. ಒಬ್ಬರು ಜಾಗ ಇಲ್ಲ ಎಂದರು, ಇನ್ನೊಬ್ಬರು ಫೋನ್ ನಂಬರ್ ಕೇಳಿದರು.

ಕೆಲವು ಸಣ್ಣ ವಿಷಯಗಳು. ಎಲ್ಲರಿಗೂ ಒಂದೇ ಮೇಲ್ ಒಟ್ಟಿಗೆ ಕಳಿಸಬೇಡಿ, ಓದುವವರಿಗೆ ಗೊತ್ತಾಗುತ್ತದೆ. ಹೆಸರಿನ ಅಕ್ಷರ ಎರಡು ಸಲ ನೋಡಿ. ಇದನ್ನು ಹೇಳುವ ನಾವೇ ಒಂದು ವರ್ಷ ದಾನಿಗಳಿಗೆ ‘ಮಾನ್ಯ’ ಎಂಬುದರ ಮುಂದೆ ಹೆಸರು ತುಂಬಿಸದೆ ಖಾಲಿ ಗೆರೆಯನ್ನೇ ಕಳಿಸಿದ್ದೆವು, ಕ್ಷಮಿಸಿದವರಿಗೆ ಧನ್ಯವಾದ. ಚಾಟ್‌ಜಿಪಿಟಿಯಿಂದ ವ್ಯಾಕರಣ ತಿದ್ದಿಸಿಕೊಳ್ಳಿ, ಪತ್ರವನ್ನೇ ಬರೆಸಬೇಡಿ. ಅದು ಬರೆದ ಪತ್ರಗಳೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಸಲಾಮ್ ಹೇಳಿ ಶುರು ಮಾಡಬಹುದೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನಮ್ಮವರಿಗೆ ಬರೆಯುವಾಗ ಖಂಡಿತ ಹೇಳಿ. ಗುರುತಿಲ್ಲದ ಪ್ರಾಧ್ಯಾಪಕರಿಗೆ ಡಾಕ್ಟರ್ ಅಥವಾ ಪ್ರೊಫೆಸರ್ ಎಂದು ಹೆಸರು ಹಿಡಿದು ಬರೆದರೆ ಸಾಕು. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಎರಡು ಸಾಲು ಬರೆಯಿರಿ. ಆಮೇಲೂ ಮೌನವಾದರೆ ಬಿಡಿ. ಅವರ ಮೊಬೈಲಿಗೆ ಕರೆ ಮಾಡಬೇಡಿ, ಪೋಷಕರಂತೂ ಮಾಡಲೇಬೇಡಿ.

ಇನ್ನು ದಾನಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ವೈದ್ಯರು, ಆಡಿಟರುಗಳು, ಸ್ವಂತ ಕಂಪೆನಿ ನಡೆಸುವವರು ಇದ್ದೀರಿ. ಇಂಥ ಪತ್ರಗಳು ನಿಮಗೂ ಬರುತ್ತವೆ, ಹೆಚ್ಚಿನವು ಒರಟಾಗಿಯೇ ಇರುತ್ತವೆ. ‘ಈಗ ಜಾಗ ಇಲ್ಲ’ ಎಂಬ ಒಂದು ಸಾಲು ಬರೆದರೂ ಆ ಮಗು ಇನ್‌ಬಾಕ್ಸ್ ತೆರೆದು ತೆರೆದು ನೋಡುವುದು ತಪ್ಪುತ್ತದೆ.

ಈ ವರ್ಷದ ಅರ್ಜಿ ನಮೂನೆಯಲ್ಲಿ ಒಂದು ಪುಟ ಸೇರಿಸಿದ್ದೇವೆ. ಆದಾಯದ ವಿವರಕ್ಕಿಂತ ಮೊದಲು ಅದು ಬರುತ್ತದೆ. ‘ನೀವು ಸ್ವತಃ ಮಾಡಿದ ಒಂದು ಕೆಲಸವನ್ನು ಐದು ಸಾಲಿನಲ್ಲಿ ಬರೆಯಿರಿ’ ಎಂದು ಅಲ್ಲಿ ಕೇಳಿದ್ದೇವೆ. ಖಾಲಿ ಬಿಟ್ಟ ಅರ್ಜಿಯನ್ನು ತಿರಸ್ಕರಿಸುವುದಿಲ್ಲ, ಆದರೆ ಸಂದರ್ಶನದ ದಿನ ಬಾಯಿಬಿಟ್ಟು ಹೇಳಿಸುತ್ತೇವೆ. ಮೇಲ್ ಕಳಿಸುವ ಮೊದಲು ತೋರಿಸಬೇಕೆನ್ನುವ ಮಕ್ಕಳು ಶನಿವಾರ ಅಸರ್ ನಮಾಝಿನ ನಂತರ ಕಚೇರಿಗೆ ಬರಬಹುದು.